ಶಸ್ತ್ರಚಿಕಿತ್ಸೆಗೆ ಮುನ್ನ ಉಪವಾಸ: ನೀರನ್ನೂ ಬಿಡಬೇಕೆ?

ಪೀಣ್ಯದ ಕಾರ್ಖಾನೆಯ ಕಾರ್ಮಿಕರಿರಲಿ, ವೈಟ್‌ಫೀಲ್ಡ್ ಅಥವಾ ಎಲೆಕ್ಟ್ರಾನಿಕ್ ಸಿಟಿಯ ಸಾಫ್ಟ್‌ವೇರ್ ಉದ್ಯೋಗಿಗಳಿರಲಿ, ಶಸ್ತ್ರಚಿಕಿತ್ಸೆಗೆ ದಾಖಲಾದಾಗ ಸಾಮಾನ್ಯವಾಗಿ ಕೇಳಿಬರುವ ಸೂಚನೆ, ‘ರಾತ್ರಿ ಹನ್ನೆರಡರ ನಂತರ ಏನೂ ಸೇವಿಸಬೇಡಿ, ನೀರನ್ನೂ ಸಹ’. ಸರದಿ ಮಧ್ಯಾಹ್ನ ಎರಡಕ್ಕೆ ಬಂದರೆ ರೋಗಿ ಹದಿನಾಲ್ಕು ಗಂಟೆ ಬಾಯಾರಿ ಮಲಗಿರಬೇಕು. ಈ ಸೂಚನೆಯಲ್ಲಿ ಆಹಾರದ ಭಾಗಕ್ಕೆ ಆಧಾರವುಂಟು, ನೀರಿನ ಭಾಗಕ್ಕಿಲ್ಲ.

ಅರಿವಳಿಕೆ ನೀಡಿದಾಗ ಕೆಮ್ಮುವ, ನುಂಗುವ ಸಹಜ ರಕ್ಷಣೆ ಕುಂದುತ್ತದೆ. ಜಠರದಲ್ಲಿರುವುದು ಮೇಲೆ ಬಂದು ಶ್ವಾಸಕೋಶ ಸೇರಿದರೆ ಪ್ರಾಣಾಪಾಯ. ನ್ಯೂಯಾರ್ಕ್‌ನ ವೈದ್ಯ ಕರ್ಟಿಸ್ ಮೆಂಡೆಲ್ಸನ್ 1946ರಲ್ಲಿ ಹೆರಿಗೆಯ ಪ್ರಕರಣಗಳಲ್ಲಿ ಇದನ್ನು ವಿವರಿಸಿದ ಬಳಿಕ ಕಟ್ಟುನಿಟ್ಟಿನ ಉಪವಾಸ ರೂಢಿಗೆ ಬಂತು. ಆದರೆ ನೀರು ಜಠರದಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ದೀರ್ಘ ಉಪವಾಸದಿಂದ ನಿರ್ಜಲೀಕರಣ, ತಲೆನೋವು, ಅರಿವಳಿಕೆಯ ಆರಂಭದಲ್ಲಿ ರಕ್ತದೊತ್ತಡದ ಕುಸಿತ ಉಂಟಾಗಬಹುದು. ಮಧುಮೇಹಿಗಳಿಗೆ ಸಕ್ಕರೆಯ ಏರುಪೇರಿನ ಭಯ ಬೇರೆ.

ಭಾರತೀಯ ಅರಿವಳಿಕೆ ತಜ್ಞರ ಸಂಘ 2020ರಲ್ಲಿ ಈ ಕುರಿತು ಮಾರ್ಗಸೂಚಿ ಪ್ರಕಟಿಸಿತು. ಅದರ ಪ್ರಥಮ ಲೇಖಕರು ಕಾರ್ಮಿಕರ ಚಿಕಿತ್ಸೆಗೆಂದೇ ಇರುವ ಬೆಂಗಳೂರು ರಾಜಾಜಿನಗರದ ಇಎಸ್‌ಐ ಸಂಸ್ಥೆಯವರೆಂಬುದು ಗಮನಾರ್ಹ. ಅದರಂತೆ ತಿಳಿ ದ್ರವಗಳನ್ನು ಅರಿವಳಿಕೆಗೆ ಎರಡು ಗಂಟೆ ಮುಂಚಿನವರೆಗೆ ಸೇವಿಸಬಹುದು. ಎದೆಹಾಲಿಗೆ ನಾಲ್ಕು ಗಂಟೆ, ಲಘು ಆಹಾರಕ್ಕೆ ಆರು ಗಂಟೆ, ಜಿಡ್ಡಿನ ಆಹಾರಕ್ಕೆ ಎಂಟು ಗಂಟೆ ಅಂತರ ಬೇಕು. ರಾತ್ರಿಪಾಳಿಯಲ್ಲಿ ಎರಡಕ್ಕೆ ಬಿರಿಯಾನಿ ತಿಂದವರು ಬೆಳಗ್ಗೆ ಎಂಟಕ್ಕೆ ಸಿದ್ಧರೆನ್ನುವಂತಿಲ್ಲ.

ನಮ್ಮವರು ಎಡವುವುದು ಕಾಫಿಯಲ್ಲಿ! ಹಾಲಿಲ್ಲದ ಕಾಫಿ ತಿಳಿ ದ್ರವ; ಹಾಲು ಬೆರೆತ ನಮ್ಮ ಫಿಲ್ಟರ್ ಕಾಫಿಗೆ ಆ ರಿಯಾಯಿತಿಯಿಲ್ಲ. ಹಸುವಿನ ಹಾಲು ಜಠರದಲ್ಲಿ ಘನಾಹಾರದಂತೆ ನಿಲ್ಲುತ್ತದೆ. ಮಜ್ಜಿಗೆಯೂ ತಿಳಿ ದ್ರವವಲ್ಲ. ಮಕ್ಕಳ ವಿಷಯದಲ್ಲಿ ಯುರೋಪಿನ ತಜ್ಞರು 2022ರಲ್ಲಿ ತಿಳಿ ದ್ರವದ ಅಂತರವನ್ನು ಒಂದು ಗಂಟೆಗೆ ಇಳಿಸಿದ್ದಾರೆ.

ಇತ್ತೀಚೆಗೆ ಹೊಸ ತೊಡಕೊಂದು ಸೇರಿದೆ. ಮಧುಮೇಹಕ್ಕೂ ತೂಕ ಇಳಿಸಲೂ ಬಳಸುವ ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಚುಚ್ಚುಮದ್ದುಗಳು ಜಠರ ಬರಿದಾಗುವುದನ್ನು ನಿಧಾನಗೊಳಿಸುತ್ತವೆ. ಅಮೆರಿಕದ ತಜ್ಞರ ಸಂಘ 2023ರಲ್ಲಿ, ವಾರಕ್ಕೊಮ್ಮೆ ಪಡೆಯುವ ಮದ್ದನ್ನು ಒಂದು ವಾರ ಮೊದಲೇ ನಿಲ್ಲಿಸಲು ಸೂಚಿಸಿತ್ತು. 2024ರ ಜಂಟಿ ಸಲಹೆಯಂತೆ ಬಹುತೇಕರು ಮುಂದುವರಿಸಬಹುದು; ವಾಂತಿ, ಹೊಟ್ಟೆಯುಬ್ಬರವಿದ್ದವರಿಗೆ ಪ್ರತ್ಯೇಕ ಪರಿಶೀಲನೆ, ಅಗತ್ಯವಿದ್ದರೆ ಹಿಂದಿನ ದಿನ ದ್ರವಾಹಾರ ಮಾತ್ರ. ತೂಕದ ಮದ್ದನ್ನು ಮುಚ್ಚಿಡುವವರುಂಟು. ಅರಿವಳಿಕೆ ತಜ್ಞರಿಗೆ ಅದು ತಿಳಿದಿರಲೇಬೇಕು.

ಗರ್ಭಿಣಿಯರು, ಕರುಳಿನ ತಡೆಯುಳ್ಳವರು ಹಾಗೂ ತುರ್ತು ಚಿಕಿತ್ಸೆಗೆ ಬಂದವರಿಗೆ ಈ ಗಡುವುಗಳನ್ನು ಹಾಗೆಯೇ ಅನ್ವಯಿಸಲಾಗದು. ಸರದಿ ಮುಂದಕ್ಕೆ ಹೋದಾಗ ನೀರು ಕುಡಿಯಬಹುದೇ ಎಂದು ವಾರ್ಡಿನ ದಾದಿಯರ ಮೂಲಕ ಅರಿವಳಿಕೆ ತಜ್ಞರನ್ನೇ ಕೇಳಬೇಕು.