ತುಳಸಿ ಕುಂಡದ ಬಿಳಿಚುಕ್ಕೆ: ಸ್ಪ್ರಿಂಗ್‌ಟೇಲ್ ಪ್ರಭೇದವೊಂದನ್ನು ಗುರುತಿಸುವ ಬಗೆ

ಬೆಂಗಳೂರಿನ ನಗರ್ತಪೇಟೆಯಲ್ಲಿ ಬರಿಮಣ್ಣು ಕಣ್ಣಿಗೆ ಬೀಳುವುದೇ ಅಪರೂಪ. ಅವೆನ್ಯೂ ರಸ್ತೆಯಿಂದ ಪೂರ್ವಕ್ಕೆ ತಿರುಗಿದರೆ ಗೋಡೆಗೆ ಗೋಡೆ ತಾಗಿದ ಮನೆ, ಅಂಗಡಿ, ಗೋದಾಮುಗಳು. ಕಾಲ ಕೆಳಗೆ ಕಲ್ಲು, ಕಾಂಕ್ರೀಟು. ಮಣ್ಣು ಉಳಿದಿರುವುದು ಮಹಡಿಯ ಮೇಲಿನ ಕುಂಡಗಳಲ್ಲಿ: ತುಳಸಿ, ದೊಡ್ಡಪತ್ರೆ, ಎಲ್ಲೋ ಒಂದು ದಾಸವಾಳ. ದಿನವೂ ನೀರು ಬೀಳುವ ಇಂಥ ಕುಂಡದಿಂದ ಒಂದು ಹಿಡಿ ಮಣ್ಣು ತೆಗೆದು ಬೋಗುಣಿಯ ನೀರಿನಲ್ಲಿ ಕದಡಿದರೆ ಮಣ್ಣು ತಳ ಸೇರುತ್ತದೆ. ಅದರಲ್ಲಿ ಸ್ಪ್ರಿಂಗ್‌ಟೇಲ್‌ಗಳಿದ್ದರೆ ಸಾಸಿವೆಗಿಂತ ಸಣ್ಣ ಬಿಳಿಚುಕ್ಕೆಗಳಾಗಿ ಮೇಲೆ ತೇಲುತ್ತವೆ. ಅವುಗಳ ಚರ್ಮಕ್ಕೆ ನೀರು ಹತ್ತುವುದಿಲ್ಲ. ಕಡ್ಡಿಯ ತುದಿ ತಾಗಿಸಿದರೆ ಥಟ್ಟನೆ ಚಿಮ್ಮಿ ಬೇರೆಡೆ ಬೀಳುತ್ತವೆ.

ಆರು ಕಾಲಿದ್ದರೂ ಈ ಜೀವಿಯನ್ನು ಇಂದಿನ ವರ್ಗೀಕರಣ ಕೀಟಗಳ ಸಾಲಿನಲ್ಲಿ ಇಡುವುದಿಲ್ಲ. ಉದರದಲ್ಲಿ ಆರೇ ಖಂಡಗಳು. ಬಾಯಿಯ ಭಾಗಗಳು ತಲೆಯೊಳಗೆ ಹುದುಗಿರುತ್ತವೆ. ನಾಲ್ಕನೆಯ ಖಂಡದ ಅಡಿಯಲ್ಲಿ ಕವಲೊಡೆದ ಫರ್ಕಾ, ಅದನ್ನು ಮಡಚಿ ಹಿಡಿಯುವ ಚಿಲಕ ಮೂರನೆಯ ಖಂಡದಲ್ಲಿ. ಚಿಲಕ ಕಳಚಿದಾಗ ಫರ್ಕಾ ನೆಲಕ್ಕೆ ಬಡಿದು ಜೀವಿ ಹಾರುತ್ತದೆ. ಮೊದಲ ಖಂಡದ ಅಡಿಯಲ್ಲಿ ನೀರು ಹೀರುವ ಕೊಳವೆಯೊಂದಿದೆ. ಇದು ಅಂಟಿಕೊಳ್ಳುವ ಅಂಗವೆಂದು ಭಾವಿಸಿದ ಇಂಗ್ಲೆಂಡಿನ ಜಾನ್ ಲಬ್ಬಾಕ್, ಅಂಟು ಮತ್ತು ಗೂಟ ಎಂಬರ್ಥದ ಗ್ರೀಕ್ ಪದಗಳನ್ನು ಕೂಡಿಸಿ ಇಡೀ ಗುಂಪಿಗೆ ಕೊಲೆಂಬೊಲ ಎಂದು ಹೆಸರಿಟ್ಟ. 1873ರಲ್ಲಿ ಬಂದ ಅವನ ಗ್ರಂಥ ಈ ಅಧ್ಯಯನದ ಬುನಾದಿ. ಸ್ಕಾಟ್ಲೆಂಡಿನ ರೈನಿ ಶಿಲೆಯಲ್ಲಿ ಸಿಕ್ಕ, ಸುಮಾರು 40 ಕೋಟಿ ವರ್ಷ ಹಳೆಯ ರೈನಿಯೆಲ್ಲ ಪ್ರಿಕರ್ಸರ್ ಎಂಬ ಸ್ಪ್ರಿಂಗ್‌ಟೇಲನ್ನು 1926ರಲ್ಲಿ ಹರ್ಸ್ಟ್ ಜೊತೆಗೂಡಿ ವಿವರಿಸಿದವರು ಭಾರತೀಯ ಕೀಟಶಾಸ್ತ್ರಜ್ಞ ಸಮರೇಂದ್ರ ಮೌಲಿಕ್. ಅವರ ಹೆಸರು ನಮ್ಮ ಪಠ್ಯಗಳಲ್ಲಿ ಇನ್ನಷ್ಟು ಕಾಣಬೇಕಿತ್ತು.

ಗುಂಪನ್ನು ಗುರುತಿಸುವುದು ಸುಲಭ, ಪ್ರಭೇದವನ್ನು ಗುರುತಿಸುವುದು ಕಷ್ಟ. ಬರಿಗಣ್ಣಿಗೆ ಬಿಳಿಚುಕ್ಕೆಗಳೆಲ್ಲ ಒಂದೇ. ಮಣ್ಣಿನಿಂದ ಅವನ್ನು ಬೇರ್ಪಡಿಸಲು ಇಂದಿಗೂ ಬಳಕೆಯಲ್ಲಿರುವುದು ಇಟಲಿಯ ಬರ್ಲೇಸಿ 1905ರಲ್ಲಿ ರೂಪಿಸಿದ ಆಲಿಕೆ; ಅದಕ್ಕೆ ದೀಪ ಜೋಡಿಸಿದವನು ಸ್ವೀಡನ್ನಿನ ಟುಲ್‌ಗ್ರೆನ್. ಮಣ್ಣು ಮೇಲಿನಿಂದ ಒಣಗುತ್ತ ಬಂದಂತೆ ತೇವ ಅರಸಿ ಕೆಳಗಿಳಿದ ಜೀವಿಗಳು ಆಲ್ಕೊಹಾಲ್ ಸೀಸೆಗೆ ಬೀಳುತ್ತವೆ. ಬಳಿಕ ಒಂದೊಂದನ್ನೂ ಲ್ಯಾಕ್ಟಿಕ್ ಆಮ್ಲದಲ್ಲಿಟ್ಟು ಪಾರದರ್ಶಕವಾಗಿಸಿ, ಗಾಜಿನ ಸ್ಲೈಡಿನ ಮೇಲೆ ಕೂರಿಸಬೇಕು. ಎರಡು ಮಿಲಿಮೀಟರಿನ ದೇಹ ಮಗ್ಗುಲಾಗಿ ಮಲಗಿತೋ ಬೋರಲಾಯಿತೋ ಎಂಬುದರ ಮೇಲೆ ಯಾವ ರೋಮ ಕಂಡೀತು, ಯಾವುದು ಮರೆಯಾದೀತು ಎಂಬುದು ನಿಂತಿದೆ. ಹೀಗಾಗಿ ಒಂದೇ ಜೀವಿಯ ಒಂದೇ ಸ್ಲೈಡನ್ನು ನಂಬಿ ಹೆಸರು ಹೇಳುವುದು ಅವಸರ.

ಸ್ಲೈಡಿನಲ್ಲಿ ಕಂಡದ್ದು ಹೀಗಿದೆ ಎಂದುಕೊಳ್ಳೋಣ: ದೇಹ ಬಿಳಿ, ಕಣ್ಣಿಲ್ಲ. ಮೀಸೆಯ ಬುಡದ ಹಿಂದೆ ಉದ್ದನೆಯ, ಕಿರಿದಾದ ಸಂವೇದನಾಂಗ. ಉದರದ ಕೊನೆಯ ಮೂರು ಖಂಡಗಳು ಗೆರೆಯೂ ಇಲ್ಲದಂತೆ ಒಂದಾಗಿ ಬೆಸೆದಿವೆ. ಫರ್ಕಾದ ತುದಿಯಲ್ಲಿ ಎರಡು ಹಲ್ಲು. ಇಷ್ಟು ಕಂಡರೆ ಫಾಲ್ಸೊಮಿಯ ಕುಲದತ್ತ ಬೆರಳು ತೋರಿಸಬಹುದು. ಅಮೆರಿಕದ ಕೀಟಶಾಸ್ತ್ರಜ್ಞ ಫಾಲ್ಸಮ್ ಹೆಸರಿನ ಕುಲವಿದು. ಫಾಲ್ಸೊಮಿಯ ಕ್ಯಾಂಡಿಡವೂ ಫಾಲ್ಸೊಮಿಯ ಫಿಮೆಟಾರಿಯವೂ ಬಿಳಿಯವೇ, ಕುರುಡೇ. ಅಲ್ಲಿಂದ ಮುಂದೆ ಎಣಿಕೆಯೇ ಕೆಲಸ: ಫರ್ಕಾದ ಬುಡದಲ್ಲಿ ಎಷ್ಟು ರೋಮ, ಹೊಟ್ಟೆಯ ಕೊಳವೆಯ ಮೇಲೆ ಎಷ್ಟು, ಸಂವೇದನಾಂಗ ಉಗುರಿಗಿಂತ ಎಷ್ಟು ಉದ್ದ. ಫಿಮೆಟಾರಿಯದಲ್ಲಿ ಗಂಡು ಹೆಣ್ಣು ಎರಡೂ ಉಂಟು. ಕ್ಯಾಂಡಿಡದಲ್ಲಿ ಗಂಡು ತೀರ ವಿರಳ. ದೇಹದೊಳಗೆ ನೆಲೆಸಿದ ವೊಲ್ಬಾಕಿಯ ಬ್ಯಾಕ್ಟೀರಿಯಾದಿಂದಾಗಿ ಹೆಣ್ಣು ಗಂಡಿನ ನೆರವಿಲ್ಲದೆ ಮರಿ ಮಾಡುತ್ತದೆ. ಕುಂಡದೊಳಗೆ ಒಂದೇ ಒಂದು ಸೇರಿಕೊಂಡರೂ ಸಂತಾನ ಬೆಳೆಯಬಲ್ಲದು.

ಈ ಕ್ಯಾಂಡಿಡದ ಕಥೆ ಸ್ವಾರಸ್ಯದ್ದು. 1902ರಲ್ಲಿ ವಿಕ್ಟರ್ ವಿಲೆಮ್ ಇದನ್ನು ವಿವರಿಸಿದ್ದು ಬೆಲ್ಜಿಯಮ್ಮಿನ ಗುಹೆಗಳ ಜೀವಿಗಳ ಕುರಿತ ಟಿಪ್ಪಣಿಯಲ್ಲಿ. ಇಂದು ಅದು ಹೂಕುಂಡದ ಮಣ್ಣಿನೊಡನೆ ಜಗತ್ತಿನ ಹಲವೆಡೆ ಹರಡಿದೆ. ಮಣ್ಣಿನ ವಿಷವನ್ನು ಅಳೆಯುವ ಅಂತರರಾಷ್ಟ್ರೀಯ ಪರೀಕ್ಷೆಯಲ್ಲೂ ಇದೇ ಜೀವಿಯನ್ನು 28 ದಿನ ಸಾಕಿ ಮರಿಗಳನ್ನು ಎಣಿಸುತ್ತಾರೆ. ಇಷ್ಟು ಪರಿಚಿತ ಪ್ರಭೇದದೊಳಗೂ ಗೊಂದಲ ತೀರಿಲ್ಲ. ಡಿಎನ್‌ಎ ಅಧ್ಯಯನಗಳು ಇದರಲ್ಲಿ ಎರಡು ದೊಡ್ಡ ವಂಶಶಾಖೆಗಳನ್ನು ಗುರುತಿಸಿವೆ. ಹಲವು ತಳಿಗಳ ರೋಮಗಳನ್ನು ಎಣಿಸಿದ ಟುಲಿ ಮತ್ತು ಪೊಟಪೊವ್ 2015ರಲ್ಲಿ, ಅವುಗಳ ಸಂಖ್ಯೆ ತಳಿಯಿಂದ ತಳಿಗೆ ಮಾತ್ರವಲ್ಲ, ತಳಿಯೊಳಗೂ ವ್ಯತ್ಯಾಸವಾಗುವುದನ್ನು ತೋರಿಸಿದರು.

ಹೂಕುಂಡದ ಮಣ್ಣಿನೊಡನೆ ಪ್ರಭೇದ ಹರಡುವ ಮಾತು ನಗರ್ತಪೇಟೆಯ ಕುಂಡಕ್ಕೂ ನೇರವಾಗಿ ಅನ್ವಯಿಸುತ್ತದೆ. ಆ ಕುಂಡದ ಮಣ್ಣು ನಗರ್ತಪೇಟೆಯದಲ್ಲ. ಕೆಮ್ಮಣ್ಣು, ಸಗಣಿ ಗೊಬ್ಬರ, ತೆಂಗಿನ ನಾರಿನ ಪುಡಿ ಎಲ್ಲವೂ ನರ್ಸರಿಯ ಮೂಲಕ ಬೇರೆ ಬೇರೆ ಕಡೆಯಿಂದ ಬಂದವು. ಜೀವಿಯೂ ಅವುಗಳ ಜೊತೆಗೇ ಬಂದಿರಬಹುದು. ಅಲ್ಲಿ ಸಿಕ್ಕ ಸ್ಪ್ರಿಂಗ್‌ಟೇಲ್ ಹೊಸದು ಎನ್ನುವ ಮುನ್ನ ಅದು ಊರೂರು ಸುತ್ತುವ ಹಳೆಯದಲ್ಲ ಎಂದು ತೋರಿಸಬೇಕು. ಅದು ನಿಜಕ್ಕೂ ಈ ನೆಲದ್ದೇ ಎನ್ನಬೇಕಾದರೆ ಲಾಲ್‌ಬಾಗಿನ ಬಂಡೆಯ ಬಿರುಕಿನಲ್ಲಿ ಕೂತ ಮಣ್ಣನ್ನು, ಹಳೆಯ ಮರಗಳ ಬುಡದ ತರಗನ್ನು ಕೂಡ ಅದೇ ಆಲಿಕೆಗೆ ಹಾಕಿ ಹೋಲಿಸಬೇಕು.

ಹೋಲಿಕೆಗೆ ಆಧಾರಗಳಿಲ್ಲದೆ ಇಲ್ಲ. 1912ರಲ್ಲಿ ಇಮ್ಸ್ ಭಾರತ, ಬರ್ಮಾ, ಸಿಲೋನಿನ ಕೊಲೆಂಬೊಲಗಳ ಬಗ್ಗೆ ಬರೆದ. 1971ರಲ್ಲಿ ಪ್ರಭು ದಕ್ಷಿಣ ಭಾರತದ ಮಣ್ಣು ಮತ್ತು ತರಗಿನಲ್ಲಿ ವಾಸಿಸುವ ಪ್ರಭೇದಗಳನ್ನು ವಿವರಿಸಿದರು. ಬೆಂಗಳೂರು ಈ ಶಾಸ್ತ್ರಕ್ಕೆ ಹೊಸ ಊರೂ ಅಲ್ಲ. 1988ರ ಆಗಸ್ಟಿನಲ್ಲಿ ಹತ್ತನೆಯ ಅಂತರರಾಷ್ಟ್ರೀಯ ಮಣ್ಣಿನ ಪ್ರಾಣಿಶಾಸ್ತ್ರ ಸಮ್ಮೇಳನ ನಡೆದದ್ದು ಇಲ್ಲಿಯೇ. ಅದರ ಪ್ರಬಂಧಗಳನ್ನು ಇಲ್ಲಿನ ಕೃಷಿ ವಿಶ್ವವಿದ್ಯಾಲಯದ ವೀರೇಶ್, ರಾಜಗೋಪಾಲ್ ಮತ್ತು ವಿರಕ್ತಮಠ ಸಂಪಾದಿಸಿದರು. ಆದರೂ ಮಣ್ಣಿನ ಅನೇಕ ಅಧ್ಯಯನಗಳಲ್ಲಿ ‘ಕೊಲೆಂಬೊಲ, ಇಷ್ಟು’ ಎಂಬ ಒಟ್ಟು ಲೆಕ್ಕವೇ ಕೊನೆಯ ಮಾತಾಗುತ್ತದೆ. ಆ ಲೆಕ್ಕದಲ್ಲಿ ನಾರಿನ ಪುಡಿಯೊಡನೆ ಬಂದ ಅತಿಥಿಯೂ ಲಕ್ಷಾಂತರ ವರ್ಷ ಇದೇ ನೆಲದಲ್ಲಿ ಬಾಳಿದ ಪ್ರಭೇದವೂ ಒಂದೇ ಅಂಕಿಯಾಗಿಬಿಡುತ್ತವೆ. ಇದು ಸಣ್ಣ ನಷ್ಟವಲ್ಲ.

ಎಲ್ಲ ಪರೀಕ್ಷೆ ದಾಟಿ ಪ್ರಭೇದ ಹೊಸದೇ ಎಂದು ತೀರ್ಮಾನವಾದರೆ, ಒಂದು ಮಾದರಿಯನ್ನು ಹೋಲೋಟೈಪ್ ಎಂದು ನಿಗದಿಪಡಿಸಬೇಕು. 1999ರ ನಂತರ ಪ್ರಕಟವಾಗುವ ಹೊಸ ಹೆಸರುಗಳಿಗೆ ನಾಮಕರಣ ಸಂಹಿತೆ ಮಾದರಿ ಸೂಚಿಸುವುದನ್ನು ಕಡ್ಡಾಯ ಮಾಡಿದೆ. 2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಮಾದರಿಯನ್ನು ಸರ್ಕಾರ ಗೊತ್ತುಪಡಿಸಿದ ಭಂಡಾರಕ್ಕೆ ಒಪ್ಪಿಸಲೇಬೇಕು. ಹೊಸದಲ್ಲದಿದ್ದರೂ ಸ್ಲೈಡನ್ನು ಎಸೆಯಬಾರದು. ಅದರ ಚೀಟಿಯಲ್ಲಿ ತಾರೀಖು, ಸಂಗ್ರಹಿಸಿದವರ ಹೆಸರು, ‘ನಗರ್ತಪೇಟೆ, ಮಹಡಿಯ ತುಳಸಿ ಕುಂಡ’ ಎಂಬ ಜಾಗ, ಜೊತೆಗೆ ಮಣ್ಣು ಎಲ್ಲಿಂದ ತಂದದ್ದು ಎಂಬ ಒಂದು ಸಾಲನ್ನು ಸಂಶೋಧಕರು ತಪ್ಪದೆ ಬರೆಯಲಿ.