ಬ್ಯಾಂಕಿನ ಕಸ, ಟೆಂಡರಿನ ಕೂಲಿ

ಬ್ಯಾಂಕುಗಳ ಚರಿತ್ರೆ ಬರೆಯೋರು 1969ರ ಜುಲೈ 19ರಿಂದ ಶುರು ಮಾಡ್ತಾರೆ. ಅವತ್ತು 14 ಬ್ಯಾಂಕು ಸರ್ಕಾರದ್ದಾದವು. ನಮ್ಮ ಕೆನರಾ, ಸಿಂಡಿಕೇಟ್ ಅದರಲ್ಲಿದ್ದವು. 1980ರಲ್ಲಿ ಇನ್ನಾರು. ಸಾಲ ಯಾರಿಗೆ ಸಿಕ್ಕಿತು ಅಂತ ಬೇಕಾದಷ್ಟು ಬರೆದಿದ್ದಾರೆ. ಆ ಬ್ಯಾಂಕಿನ ಕಸ ಗುಡಿಸಿದವರ ಕೂಲಿ ಯಾವ ಬಾಬ್ತಿನಲ್ಲಿ ಹೋಯಿತು ಅಂತ ಬರೆದದ್ದು ನಮ್ಮ ಕಣ್ಣಿಗೆ ಬಿದ್ದಿಲ್ಲ.

ಬ್ಯಾಂಕು ಸಾಲ ಕೊಡೋದಷ್ಟೇ ಅಲ್ಲ, ಸಾಮಾನೂ ಕೊಳ್ಳುತ್ತದೆ. ಕಾಗದ, ಕುರ್ಚಿ, ತಿಜೋರಿ, ಕಂಪ್ಯೂಟರು. ಟೆಂಡರು ಕರೀತಾರೆ, ಲಕೋಟೆ ಒಡೀತಾರೆ, ಎಲ್ಲರಿಗಿಂತ ಕಡಿಮೆ ದರ ಬರೆದವನೇ ಎಲ್-ಒನ್. ಕುರ್ಚಿಗೆ ಈ ಲೆಕ್ಕ ಸರಿ, ಕುರ್ಚಿಗೆ ಹೊಟ್ಟೆಯಿಲ್ಲ. ಆದರೆ ಗುಡಿಸೋ ಕೆಲಸವೂ ಇದೇ ಪಟ್ಟಿಗೆ ಬಿತ್ತು. ಜಾಡಮಾಲಿ ಅನ್ನೋದು ಹುದ್ದೆಯಾಗಿದ್ದಾಗ ಸಂಬಳದ ದರ್ಜೆ ಇತ್ತು, ಮೀಸಲಾತಿ ಇತ್ತು. ಟೆಂಡರು ಬಂದಲ್ಲಿ ಮೀಸಲಾತಿ ಹೋಯಿತು. ಜಾತಿ ಮಾತ್ರ ಪೊರಕೆ ಹಿಡಿದೇ ನಿಂತಿತು.

ಕಾನೂನು ಇರಲಿಲ್ಲವೇ? ಇತ್ತು. 1970ರ ಗುತ್ತಿಗೆ ಕಾರ್ಮಿಕ ಕಾಯಿದೆಯ 21ನೇ ಕಲಂ ಪ್ರಕಾರ ಗುತ್ತಿಗೆದಾರ ಕೂಲಿ ಕೊಡದಿದ್ದರೆ ಕೆಲಸ ಮಾಡಿಸಿಕೊಂಡ ಸಂಸ್ಥೆಯೇ ಕೊಡಬೇಕಿತ್ತು. ಕೂಲಿ ಹಂಚುವಾಗ ಸಂಸ್ಥೆಯ ಕಡೆಯವನೊಬ್ಬ ಎದುರಿಗಿರಬೇಕಿತ್ತು. ನಮ್ಮ ಕೇರಿಯ ಅವ್ವಂದಿರು ಒಂದು ಬ್ಯಾಂಕು ಗುಡಿಸುತ್ತಿದ್ದರು. ಅವರ ಕೂಲಿ ಬಟವಾಡೆ ಆಗ್ತಿದ್ದದ್ದು ಚಾ ಅಂಗಡಿ ಹಿಂದೆ. ಹೆಬ್ಬೆಟ್ಟು ಒತ್ತಿದ್ದು ಒಂದು ಮೊತ್ತಕ್ಕೆ, ಕೈಗೆ ಬಂದದ್ದು ಇನ್ನೊಂದು. ಎದುರಿಗಿರಬೇಕಾದ ಸಾಹೇಬನ ಮುಖ ಯಾರೂ ಕಂಡಿಲ್ಲ. ಮನೇಲಿ ಮೊದಲು ಡಿಗ್ರಿ ಮಾಡಿದ ನಾವು ಕಲಂ ಓದಿ ಹೇಳಿದಾಗ ಒಬ್ಬಳು ನಕ್ಕಳು: 'ಇದು ಬರ್ದಿರೋದು ಆ ಸಾಹೇಬ್ರಿಗೆ ಗೊತ್ತಾ ಮಗಾ?'

1976ರ ಡಿಸೆಂಬರ್ 9ರಂದು ಕೇಂದ್ರ ಸರ್ಕಾರ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿತ್ತು. ತನ್ನ ವ್ಯಾಪ್ತಿಯ ಸಂಸ್ಥೆಗಳ ಕಟ್ಟಡಗಳಲ್ಲಿ ಗುಡಿಸೋದು, ತೊಳೆಯೋದು, ಧೂಳು ಒರೆಸೋದು, ಕಾವಲು ಕಾಯೋದು ಗುತ್ತಿಗೆಗೆ ಕೊಡಕೂಡದು ಅಂತ ಆಜ್ಞೆ. ಇಪ್ಪತ್ತು ವರ್ಷ ಕೋರ್ಟು ಕಚೇರಿ ಅಲೆದ ಮೇಲೆ, 1996ರಲ್ಲಿ, ಏರ್ ಇಂಡಿಯಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅಂದಿತು: ನಿಷೇಧ ಇದ್ದಲ್ಲಿ ಗುತ್ತಿಗೆಯವರನ್ನು ಸಂಸ್ಥೆಯೇ ನೌಕರರನ್ನಾಗಿ ತಗೋಬೇಕು. ಆ ಸಂತೋಷ ಐದು ವರ್ಷ ಬಾಳಲಿಲ್ಲ. 2001ರ ಆಗಸ್ಟ್ 30ರಂದು ಉಕ್ಕು ಪ್ರಾಧಿಕಾರದ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಆ ಆಜ್ಞೆಯನ್ನೇ ಹೊಡೆದುಹಾಕಿತು. ಗುತ್ತಿಗೆ ಬರೀ ನಾಟಕ ಅಂತ ತೋರಿಸಿದರೆ ಮಾತ್ರ ಕೆಲಸಗಾರರು ಸಂಸ್ಥೆಯವರಾಗ್ತಾರೆ. ತೋರಿಸಬೇಕಾದ್ದು ಕೈಗಾರಿಕಾ ನ್ಯಾಯಮಂಡಳಿಯಲ್ಲಿ. ಹೆಬ್ಬೆಟ್ಟಿನವಳು ವಕೀಲನನ್ನು ಎಲ್ಲಿಂದ ತರೋದು?

2006ರಲ್ಲಿ ರಿಸರ್ವ್ ಬ್ಯಾಂಕು ಹೊರಗುತ್ತಿಗೆಗೆ ನಿಯಮ ಮಾಡಿತು. ಅಪಾಯ ಅಳೆಯಿರಿ, ಕರಾರು ಬಿಗಿಯಾಗಿರಲಿ, ಲೆಕ್ಕ ತಪಾಸಣೆ ನಡೆಸಿ ಅಂತೆಲ್ಲ. ಹಣಕಾಸಿನ ಸೇವೆಗೆ ಮಾತ್ರ. ಗುಡಿಸೋದು, ಊಟ, ಕಾವಲು, ಟಪಾಲು ಇದಕ್ಕೆ ಬರೋದಿಲ್ಲ ಅಂತ ಬಿಡಿಸಿ ಬರೆದಿದ್ದರು. 2012ರ ಖರೀದಿ ನೀತಿಯಲ್ಲಿ ಸರ್ಕಾರಿ ಉದ್ಯಮಗಳ ಕೊಳ್ಳುವಿಕೆಯ ನೂರಕ್ಕೆ 4 ಪಾಲು ಪರಿಶಿಷ್ಟರ ಸಣ್ಣ ಉದ್ದಿಮೆಗಳಿಂದ ಅಂದರು. ಒಳ್ಳೇದೇ. ಮಾರೋಕೆ ನಮ್ಮ ಕೇರಿಯಲ್ಲಿ ಉದ್ದಿಮೆ ಇರಬೇಕಲ್ಲ.

2020ರಲ್ಲಿ ಪಾರ್ಲಿಮೆಂಟು ಒಪ್ಪಿದ ಹೊಸ ಕಾರ್ಮಿಕ ಸಂಹಿತೆ ಗುತ್ತಿಗೆಯ ಮಿತಿಯನ್ನು 20 ಕೆಲಸಗಾರರಿಂದ 50ಕ್ಕೆ ಏರಿಸಿತು. ಒಂದೊಂದು ಶಾಖೆ ಗುಡಿಸೋರು ಒಬ್ಬರೋ ಇಬ್ಬರೋ. ಸಂಸ್ಥೆಯ ಮುಖ್ಯ ಕೆಲಸ ಯಾವುದು ಅಂತ ಹೇಳುವ ಅದೇ ಸಂಹಿತೆ, ಯಾವುದು ಅಲ್ಲ ಅಂತಲೂ ಒಂದು ಪಟ್ಟಿ ಕೊಟ್ಟಿದೆ. ಪಟ್ಟಿಯ ಮೊದಲಲ್ಲೇ ಇದೆ: ಗುಡಿಸೋದು, ತೊಳೆಯೋದು, ಧೂಳು ಒರೆಸೋದು.