ಟಿಕೆಟ್ಟಲ್ಲ, ಪಂದ್ಯ: ಏಷ್ಯಾದ ಬಾಲಕಿಯರ ಫುಟ್‌ಬಾಲ್‌ನಲ್ಲಿ ಅರ್ಹತಾ ಸುತ್ತಿನ ಪಾತ್ರ

ಬಾಲಕಿಯರ ಫುಟ್‌ಬಾಲ್‌ನ ಚರ್ಚೆಗಳಲ್ಲಿ ಅರ್ಹತಾ ಸುತ್ತಿಗೆ ಹೊಸ್ತಿಲಿನ ಸ್ಥಾನ: ದಾಟಿದರೆ ಒಳಗೆ, ಎಡವಿದರೆ ಹೊರಗೆ, ಎರಡರಲ್ಲೂ ಅದರ ಮೇಲೆ ಯಾರೂ ನಿಲ್ಲುವುದಿಲ್ಲ. ಕ್ರೀಡಾ ಪುಟಗಳಲ್ಲಿ ಅದಕ್ಕೆ ದಕ್ಕುವುದು ನಾಲ್ಕು ಸಾಲು. ಆಡಳಿತದ ಕಡತಗಳಲ್ಲಿ ಅದು ಖರ್ಚಿನ ಬಾಬತ್ತು. ದಕ್ಷಿಣ ಏಷ್ಯಾದ ಎರಡು ತಂಡಗಳ ಅನುಭವವನ್ನು ಅಕ್ಕಪಕ್ಕ ಇಟ್ಟರೆ ಈ ನೋಟ ನಿಲ್ಲುವುದಿಲ್ಲ. ಹದಿನೈದು–ಹದಿನಾರರ ಹುಡುಗಿಯರು ತಂಡವಾಗುವುದು ಬಹುಮಟ್ಟಿಗೆ ಅರ್ಹತಾ ಸುತ್ತಿನಲ್ಲೇ. ಆದ್ದರಿಂದ ಆ ಸುತ್ತು ಎಷ್ಟು ತಂಡಗಳಿಗೆ ಟಿಕೆಟ್ ಕೊಡುತ್ತದೆ ಎಂಬುದಕ್ಕಿಂತ, ಒಂದೊಂದು ತಂಡಕ್ಕೂ ಎಷ್ಟು ಪಂದ್ಯ ಆಡಿಸುತ್ತದೆ, ಯಾರೆದುರು ಆಡಿಸುತ್ತದೆ ಎಂಬುದೇ ಹೆಚ್ಚು ತೂಕದ ಪ್ರಶ್ನೆ ಎಂದು ಈ ಲೇಖನ ವಾದಿಸುತ್ತದೆ.

ಮೊದಲ ಸಾಕ್ಷ್ಯ ಢಾಕಾದ್ದು. 2017ರ ಎಎಫ್‌ಸಿ 16 ವರ್ಷದೊಳಗಿನ ಬಾಲಕಿಯರ ಚಾಂಪಿಯನ್‌ಷಿಪ್‌ನ ಅರ್ಹತಾ ಪಂದ್ಯಗಳಲ್ಲಿ ಒಂದು ಗುಂಪಿನವು 2016ರ ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ಮೊದಲ ವಾರದವರೆಗೆ ಅಲ್ಲಿನ ಬಂಗಬಂಧು ರಾಷ್ಟ್ರೀಯ ಕ್ರೀಡಾಂಗಣದಲ್ಲಿ ನಡೆದವು. ಗುಂಪಿನಲ್ಲಿ ಆರು ತಂಡಗಳು, ಪ್ರತಿ ತಂಡಕ್ಕೂ ಐದು ಪಂದ್ಯ. ಬಾಂಗ್ಲಾದೇಶ ಇರಾನನ್ನು 3–0, ಸಿಂಗಪುರವನ್ನು 5–0, ಕಿರ್ಗಿಸ್ತಾನವನ್ನು 10–0, ಚೈನೀಸ್ ತೈಪೆಯನ್ನು 4–2, ಯುಎಇಯನ್ನು 4–0 ಗೋಲುಗಳಿಂದ ಸೋಲಿಸಿತು. ಇವುಗಳಲ್ಲಿ ನಿಜವಾಗಿ ಕಲಿಸಿದ ಪಂದ್ಯಗಳು ಇರಾನ್ ಮತ್ತು ತೈಪೆ ಎದುರಿನವು ಎಂದು ಅಂಕಿಗಳೇ ಹೇಳುತ್ತವೆ. ಮರುವರ್ಷ ಥಾಯ್ಲೆಂಡಿನಲ್ಲಿ ನಡೆದ ಪ್ರಧಾನ ಸುತ್ತಿನಲ್ಲಿ ಅದೇ ತಂಡ ಉತ್ತರ ಕೊರಿಯಾಕ್ಕೆ 0–9, ಜಪಾನಿಗೆ 0–3, ಆಸ್ಟ್ರೇಲಿಯಾಕ್ಕೆ 2–3ರಿಂದ ಮಣಿಯಿತು. ಮೂರೂ ಸೋಲೇ. ಆದರೂ ಒಂಬತ್ತು ಗೋಲು ತಿಂದ ತಂಡ ಅದೇ ಟೂರ್ನಿಯ ಕೊನೆಯ ಪಂದ್ಯದಲ್ಲಿ ಆಸ್ಟ್ರೇಲಿಯಾದೆದುರು ಒಂದೇ ಗೋಲಿನ ಅಂತರಕ್ಕೆ ಬಂದದ್ದನ್ನು ಬದಿಗೆ ಸರಿಸಲಾಗದು. 2016ರ ನಾಯಕಿ ಕೃಷ್ಣಾ ರಾಣಿ ಸರ್ಕಾರ್ 2022ರಲ್ಲಿ ಕಠ್ಮಂಡುವಿನಲ್ಲಿ ನಡೆದ ಸ್ಯಾಫ್ ಮಹಿಳಾ ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ ನೇಪಾಳದ ವಿರುದ್ಧ ಎರಡು ಗೋಲು ಹೊಡೆದರು. ಬಾಂಗ್ಲಾದೇಶ 3–1ರಿಂದ ಗೆದ್ದು ಮೊದಲ ಬಾರಿಗೆ ಆ ಪ್ರಶಸ್ತಿ ಪಡೆಯಿತು.

ಎರಡನೆಯ ಸಾಕ್ಷ್ಯ ಭಾರತದ್ದು, ವಿರುದ್ಧ ದಿಕ್ಕಿನದು. 2022ರ ಫಿಫಾ 17 ವರ್ಷದೊಳಗಿನ ಬಾಲಕಿಯರ ವಿಶ್ವಕಪ್‌ಗೆ ಭಾರತ ಆತಿಥೇಯ ದೇಶವಾಗಿ ನೇರ ಪ್ರವೇಶ ಪಡೆಯಿತು. ಕೋವಿಡ್‌ನಿಂದಾಗಿ ಏಷ್ಯಾ ಮಟ್ಟದ ಟೂರ್ನಿಯೇ ರದ್ದಾಗಿದ್ದರಿಂದ ಆ ಪೀಳಿಗೆಗೆ ಖಂಡದ ಸ್ಪರ್ಧೆಯ ರುಚಿಯೂ ಸಿಗಲಿಲ್ಲ. ಭುವನೇಶ್ವರದಲ್ಲಿ ಅಮೆರಿಕ 8–0, ಮೊರಾಕ್ಕೊ 3–0, ಬ್ರೆಜಿಲ್ 5–0ರಿಂದ ಗೆದ್ದವು: ಬಿಟ್ಟುಕೊಟ್ಟ ಗೋಲು ಹದಿನಾರು, ಹೊಡೆದದ್ದು ಸೊನ್ನೆ. ತಯಾರಿ ಇರಲಿಲ್ಲವೆನ್ನುವಂತಿಲ್ಲ. ಸ್ವೀಡನ್ನಿನ ಅನುಭವಿ ಕೋಚ್ ಥಾಮಸ್ ಡೆನ್ನರ್‌ಬಿ ಇದ್ದರು, ಇಟಲಿ, ನಾರ್ವೆ, ಸ್ಪೇನ್ ಪ್ರವಾಸಗಳೂ ಆಗಿದ್ದವು. ಆದರೆ ಪ್ರವಾಸದ ಪಂದ್ಯಕ್ಕೂ ಅರ್ಹತಾ ಪಂದ್ಯಕ್ಕೂ ವ್ಯತ್ಯಾಸವಿದೆ. ಮೊದಲನೆಯದರಲ್ಲಿ ಸೋತರೆ ಏನೂ ಕಳೆದುಹೋಗದು. ಎರಡನೆಯದರಲ್ಲಿ ಮುನ್ನಡೆ ಕಾಯುವುದು, ಗೋಲು ಅಂತರ ಲೆಕ್ಕ ಹಾಕುವುದು, ಒಂದು ದಿನದ ಬಿಡುವಿನಲ್ಲಿ ಮತ್ತೆ ಕಣಕ್ಕಿಳಿಯುವುದು ಇವೆಲ್ಲ ಅನಿವಾರ್ಯ. ಗೆದ್ದೇ ಅರ್ಹತೆ ಗಳಿಸಬೇಕಾದ ಒತ್ತಡವನ್ನು ಕಾಣದ ಹುಡುಗಿಯರನ್ನು ನೇರವಾಗಿ ಅಮೆರಿಕದ ಮುಂದೆ ನಿಲ್ಲಿಸಲಾಯಿತು.

ಇದಕ್ಕೆ ಬರಬಹುದಾದ ಬಲವಾದ ಆಕ್ಷೇಪ, ಬಾಂಗ್ಲಾದೇಶದ ಫಲಕ್ಕೆ ಕಾರಣ ಢಾಕಾದ ಐದು ಪಂದ್ಯಗಳಲ್ಲ, ಅದರ ಹಿಂದಿನ ಬೇಸಾಯ ಎಂಬುದು. 2011ರಿಂದ ಅಲ್ಲಿ ಸರ್ಕಾರಿ ಪ್ರಾಥಮಿಕ ಶಾಲೆಗಳ ಬಾಲಕಿಯರಿಗಾಗಿ ರಾಷ್ಟ್ರಮಟ್ಟದ ಟೂರ್ನಿ ನಡೆಯುತ್ತಿತ್ತು. ಮೈಮನ್‌ಸಿಂಗ್ ಜಿಲ್ಲೆಯ ಕಲ್‌ಸಿಂದೂರ್ ಎಂಬ ಗಡಿಯೂರಿನ ಒಂದೇ ಶಾಲೆಯಿಂದ ಹಲವು ಆಟಗಾರ್ತಿಯರು ರಾಷ್ಟ್ರೀಯ ತಂಡಕ್ಕೆ ಬಂದರು. ಒಕ್ಕೂಟ ಅವರನ್ನು ಢಾಕಾದ ವಸತಿ ಶಿಬಿರದಲ್ಲಿ ಒಟ್ಟಿಗೆ ಇಟ್ಟು ಬೆಳೆಸಿತು. ಇದನ್ನು ಒಪ್ಪಲೇಬೇಕು, ಆಟಗಾರ್ತಿಯರನ್ನು ಅರ್ಹತಾ ಸುತ್ತು ಹುಟ್ಟಿಸುವುದಿಲ್ಲ. ಆದರೆ ಶಿಬಿರಕ್ಕೆ ದಿನಾಂಕ, ಗುರಿ, ಪರೀಕ್ಷೆ ಕೊಟ್ಟದ್ದು ಅದೇ. ಭಾರತದಲ್ಲೂ ವಿಶ್ವಕಪ್‌ಗಾಗಿ ದೀರ್ಘ ಶಿಬಿರ ನಡೆದಿತ್ತು. ಅಲ್ಲಿಗೂ ಇಲ್ಲಿಗೂ ಇದ್ದ ಎದ್ದುಕಾಣುವ ಅಂತರ ಪರೀಕ್ಷೆಯದು. ಇನ್ನು, 2016ರಲ್ಲಿ ಬಾಂಗ್ಲಾದೇಶವೂ ಆತಿಥೇಯವೇ ಆಗಿತ್ತಲ್ಲ ಎನ್ನಬಹುದು. ಹೌದು, ತವರಿನ ಮೈದಾನ ನೆರವಾಗಿರಬೇಕು. ಆದರೆ ಅರ್ಹತಾ ಗುಂಪಿನ ಆತಿಥ್ಯದಿಂದ ಪ್ರವೇಶ ಸಿಗುವುದಿಲ್ಲ, ಗೆದ್ದೇ ತೀರಬೇಕು. ಆತಿಥ್ಯಕ್ಕೆ ಹಣ ಹೂಡುವ ಒಕ್ಕೂಟಕ್ಕೆ ವಿಶ್ವಕಪ್‌ಗಿಂತ ಇದು ಅಗ್ಗದ, ಹೆಚ್ಚು ಫಲದ ಹೂಡಿಕೆ ಎಂದೇ ನನ್ನ ಅಭಿಪ್ರಾಯ. ಹತ್ತು ಗೋಲಿನ ಪಂದ್ಯಗಳಿಂದ ಯಾರಿಗೆ ಲಾಭ ಎಂಬ ಪ್ರಶ್ನೆಯೂ ನ್ಯಾಯವಾದದ್ದೇ. ಅದಕ್ಕೆ ಉತ್ತರ ಪಂದ್ಯಗಳನ್ನು ಕಡಿತಗೊಳಿಸುವುದಲ್ಲ, ಸರಿಯಾಗಿ ಜೋಡಿಸುವುದು. ಯುರೋಪಿನ 17 ವರ್ಷದೊಳಗಿನ ಬಾಲಕಿಯರ ಟೂರ್ನಿಯಲ್ಲಿ ಯುಇಎಫ್‌ಎ 2021–22ರಿಂದ ತಂಡಗಳನ್ನು ಬಲಕ್ಕನುಸಾರ ಎ ಮತ್ತು ಬಿ ಲೀಗ್‌ಗಳಾಗಿ ವಿಂಗಡಿಸಿ, ಎರಡು ಸುತ್ತು ಆಡಿಸಿ, ಬಡ್ತಿ–ಹಿಂಬಡ್ತಿ ತಂದಿತು. ದುರ್ಬಲ ತಂಡಕ್ಕೂ ತನಗೊಪ್ಪುವ ಎದುರಾಳಿಗಳು ಸಿಗುತ್ತಾರೆ.

ಏಷ್ಯಾ ಹೋಗುತ್ತಿರುವ ದಾರಿ ಬೇರೆ. 2024ರ ಎಎಫ್‌ಸಿ 17 ವರ್ಷದೊಳಗಿನ ಬಾಲಕಿಯರ ಏಷ್ಯಾಕಪ್‌ಗೆ ಎರಡು ಸುತ್ತಿನ ಅರ್ಹತೆ ಇತ್ತು: ಭಾರತ 2023ರ ಏಪ್ರಿಲ್‌ನಲ್ಲಿ ಬಿಷ್ಕೆಕ್‌ನಲ್ಲಿ ಮೊದಲ ಸುತ್ತು ದಾಟಿ, ದಕ್ಷಿಣ ಕೊರಿಯಾ, ಥಾಯ್ಲೆಂಡ್, ಇರಾನ್ ಇದ್ದ ಎರಡನೆಯ ಸುತ್ತಿನಲ್ಲಿ ಹೊರಬಿತ್ತು. 2026ರ ಆವೃತ್ತಿಗೆ ತಂಡಗಳ ಸಂಖ್ಯೆ ಎಂಟರಿಂದ ಹನ್ನೆರಡಕ್ಕೆ ಏರಿ, ಅರ್ಹತೆ ಒಂದೇ ಸುತ್ತಿಗೆ ಇಳಿಯಿತು. 2025ರ ಅಕ್ಟೋಬರ್‌ನಲ್ಲಿ ಮತ್ತೆ ಬಿಷ್ಕೆಕ್‌ನಲ್ಲೇ ಭಾರತ ಕಿರ್ಗಿಸ್ತಾನವನ್ನು 2–1ರಿಂದ, ಒಂದು ಗೋಲಿನ ಹಿನ್ನಡೆಯಿಂದ ಚೇತರಿಸಿಕೊಂಡು ಉಜ್ಬೇಕಿಸ್ತಾನವನ್ನೂ 2–1ರಿಂದ ಸೋಲಿಸಿತು. ಅರ್ಹತಾ ಸುತ್ತು ಗೆದ್ದು ಈ ಟೂರ್ನಿಗೆ ಹೋದದ್ದು ಇದೇ ಮೊದಲು. ಸಂಭ್ರಮಕ್ಕೆ ಅರ್ಹವಾದ ಗೆಲುವು, ಅದರಲ್ಲೂ ಎರಡನೆಯದು. ಆದರೆ ಮೂರು ತಂಡಗಳ ಗುಂಪಿನಲ್ಲಿ ಸಿಗುವುದು ಎರಡೇ ಪಂದ್ಯ, ಅಂದರೆ ವಿಫಲವಾದ ಹಿಂದಿನ ಪ್ರಯತ್ನದಲ್ಲಿ ಸಿಕ್ಕಿದ್ದಕ್ಕಿಂತ ಕಡಿಮೆ. ಅರ್ಹತಾ ಸುತ್ತಿನಿಂದ ಸಿಗುವ ಟಿಕೆಟ್‌ಗಳು ಇಮ್ಮಡಿಯಾದವು, ಆಟ ಅರ್ಧದಷ್ಟೂ ಉಳಿಯಲಿಲ್ಲ. ಉಜ್ಬೇಕಿಸ್ತಾನ, ಕಿರ್ಗಿಸ್ತಾನಗಳ ಹುಡುಗಿಯರ ಪಾಲಿಗಂತೂ ಆ ಎರಡು ಪಂದ್ಯಗಳೊಂದಿಗೇ ಏಷ್ಯಾದ ಸ್ಪರ್ಧೆ ಮುಗಿಯಿತು. ಮುಂದಿನ ಆವೃತ್ತಿಯ ಹೊತ್ತಿಗೆ ಅವರಲ್ಲಿ ಹಲವರು ವಯೋಮಿತಿ ದಾಟಿರುತ್ತಾರೆ.